ಒಂದು ನೂಲಿನ ಲೆಕ್ಕ

ಹೆಬ್ಬಲಸಿನ ದಿಮ್ಮಿಗೆ ಗರಗಸ ತಾಗಿದ ಕೂಡಲೇ ಮಿಲ್ಲಿನೊಳಗೆ ಅರಸಿನ ಬಣ್ಣದ ಹುಡಿ ಏಳುತ್ತದೆ. ಕೆಲಸದವರ ಹುಬ್ಬಿಗೆ, ಗೋಡೆಯ ಕ್ಯಾಲೆಂಡರಿಗೆ, ಮೂಲೆಯ ನೀರಿನ ಕೊಡದ ಮುಚ್ಚಳಕ್ಕೆ ಅದೇ ಹುಡಿ. ದಿಮ್ಮಿ ಹೊತ್ತ ಗಾಡಿ ಹಳಿಯ ಮೇಲೆ ಮುಂದೆ ಸರಿಯುತ್ತದೆ, ಉದ್ದಕ್ಕೆ ಒಂದು ಹಲಗೆ ಕಳಚಿಕೊಳ್ಳುತ್ತದೆ, ಇಬ್ಬರು ಅದನ್ನು ಎರಡು ತುದಿಯಲ್ಲಿ ಹಿಡಿದು ಬದಿಗೆ ಒಯ್ಯುತ್ತಾರೆ, ಗಾಡಿ ಹಿಂದಕ್ಕೆ ಬರುತ್ತದೆ. ಈಗಷ್ಟೇ ಕೊಯ್ದ ಹೆಬ್ಬಲಸು ಹೊಳೆಯುವ ಹಳದಿ. ಗಾಳಿ ಬೆಳಕು ಕಂಡ ಹಾಗೆ ಕಂದಾಗುತ್ತ ಹೋಗುತ್ತದೆ. ಮಿಲ್ಲಿನ ಅಂಗಳದಲ್ಲಿ ಒರಗಿಸಿಟ್ಟ ಹಲಗೆಗಳ ಬಣ್ಣ ನೋಡಿಯೇ ಯಾವುದು ಈ ವಾರದ್ದು, ಯಾವುದು ಕಳೆದ ತಿಂಗಳದ್ದು ಎಂದು ಹೇಳಬಹುದು.

ಮಂಗಳೂರಿನ ಮಿಲ್ಲುಗಳ ಕೈ ಪಳಗಿದ್ದು ಮನೆಯ ಮರ ಕೊಯ್ದು. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ದಂಡೆಯಲ್ಲಿ, ಜೆಪ್ಪುವಿನ ಬಳಿ ಹಂಚಿನ ಕಾರ್ಖಾನೆ ತೆರೆದರು. ಆ ಹಂಚು ಕರಾವಳಿಯ ಮಾಡುಗಳನ್ನು ಏರಿತು. ಹಂಚಿನ ಅಡಿಗೆ ರೀಪು, ರೀಪಿನ ಅಡಿಗೆ ಪಕ್ಕಾಸು ಬೇಕಾಯಿತು. ಮೈಲುಗಟ್ಟಲೆ ರೀಪು ಕೊಯ್ದ ಊರು ಇದು. ರೀಪಿನ ದಪ್ಪದಲ್ಲಿ ಒಂದು ನೂಲು ಹೆಚ್ಚು ಕಡಿಮೆಯಾದರೆ ಹಂಚು ಒಂದಿಷ್ಟು ತಗ್ಗಿಯೋ ಉಬ್ಬಿಯೋ ಕೂರುತ್ತದೆ. ಮಳೆ ಬಂದರೂ ನೀರು ಹರಿದು ಹೋಗುತ್ತದೆ. ನೂಲು ಎಂದರೆ ಇಂಚಿನ ಎಂಟನೆಯ ಒಂದು ಪಾಲು. ಅಷ್ಟನ್ನು ಮಾಡು ಸಹಿಸಿಕೊಳ್ಳುತ್ತದೆ.

ದೋಣಿ ಸಹಿಸುವುದಿಲ್ಲ. ಅದಕ್ಕೇ ದೋಣಿ ಕಟ್ಟುವ ಆಚಾರಿ ಮಿಲ್ಲಿಗೆ ಬಂದರೆ ಮಾತು ಬೇರೆ. "ಒಂದಿಂಚಿನ ಮೇಲೆ ಎರಡು ನೂಲು ಇಟ್ಟು ಕೊಯ್ದು ಕೊಡಿ, ಒಂದಿಂಚು ನಾನೇ ಮಾಡ್ತೇನೆ" ಎನ್ನುತ್ತಾರೆ. ಆ ಎರಡು ನೂಲನ್ನು ತೆಗೆಯುವುದೇ ಈ ಬರಹದ ವಸ್ತು. ನೀರಿಗಿಳಿದ ದೋಣಿಯನ್ನು ಎಲ್ಲರೂ ನೋಡುತ್ತಾರೆ. ಅದರ ಬಾಗು ನಿರ್ಧಾರವಾಗುವುದು ಮಾತ್ರ ಬಹಳ ಮೊದಲೇ, ಹಲಗೆ ಇನ್ನೂ ನೆಟ್ಟಗೆ ಮಲಗಿರುವಾಗ.

ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುವ ಕಡವಿನಿಂದ ತೆಂಕಕ್ಕೆ, ಬೊಕ್ಕಪಟ್ಣ, ಬಂದರು, ದಕ್ಕೆ, ಹೊಯಿಗೆಬಜಾರು, ಬೋಳಾರ ಎಂದು ನೀರಿನ ಅಂಚು ಹಿಡಿದು ನಡೆದರೆ ಎಲ್ಲಾದರೂ ಒಂದು ಕಡೆ ಮರದ ಕೆಲಸದ ಸದ್ದು ಕಿವಿಗೆ ಬೀಳುತ್ತದೆ. ಬಲಗಡೆ ಗುರುಪುರ ಹೊಳೆ, ಅದರಾಚೆ ಬೆಂಗ್ರೆಯ ಉದ್ದನೆಯ ಮರಳುದಿಬ್ಬ, ಅದರಾಚೆ ಸಮುದ್ರ. ಮುಂದೆ ನೇತ್ರಾವತಿ ಬಂದು ಕೂಡುವ ಅಳಿವೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ; ಆಗ ದೊಡ್ಡ ಬೋಟುಗಳು ದಡ ಸೇರಿ ದುರಸ್ತಿಯ ಗದ್ದಲ ಏಳುತ್ತದೆ. ಸಣ್ಣ ದೋಣಿಯ ಹಲಗೆ ಕೆಲಸಕ್ಕೆ ಆ ಕಾಲ ಒಗ್ಗದು. ಮಳೆಗಾಲದ ಗಾಳಿಯಲ್ಲಿ ಮರ ತೇವ ಕುಡಿದು ಉಬ್ಬಿರುತ್ತದೆ. ಡಿಸೆಂಬರ್ ಕಳೆದು, ಬೆಳಗಿನ ಗಾಳಿ ಒಣಗಿ ತುಟಿ ಬಿರಿಯುವ ದಿನಗಳೇ ಇದಕ್ಕೆ ಸರಿ.

ಬೊಕ್ಕಪಟ್ಣದ ಕಡೆ ನಾನು ನಿಂತು ನೋಡಿದ ದೋಣಿ ದೊಡ್ಡದೇನಲ್ಲ. ಇಬ್ಬರು ಕೂತು ಹುಟ್ಟು ಹಾಕಿ ಅಳಿವೆಯ ಒಳಗಡೆ ಬಲೆ ಬಿಡಲು, ಇಳಿತದಲ್ಲಿ ಮರುವಾಯಿ ಹೆಕ್ಕಲು ಬೇಕಾದಷ್ಟು. ಹಿಂದೆ ಇಂಥದ್ದನ್ನು ಒಂದೇ ಮಾವಿನ ಮರವನ್ನು ಕೊರೆದು ಮಾಡುತ್ತಿದ್ದರು. ಪಾತಿ ಎಂದರೆ ಅದೇ. ಸಮುದ್ರಕ್ಕೆ ಹೋಗುವುದಾದರೆ ಬದಿಯಲ್ಲಿ ಒಂದು ತೇಲುಮರ ಕಟ್ಟುತ್ತಿದ್ದರು. ಒಂದು ದೋಣಿಯಾಗುವಷ್ಟು ದಪ್ಪದ ನೇರ ಮಾವು ಈಗ ಎಲ್ಲಿ ಸಿಗಬೇಕು? ಸಿಕ್ಕಿದರೂ ಬೆಲೆ ಕೇಳಿ ಮೀನುಗಾರ ಹಿಂದೆ ಸರಿಯುತ್ತಾನೆ. ಹಾಗಾಗಿ ಹಲಗೆ. ಅಡಿಮರಕ್ಕೆ ಬೋಗಿ, ಯಾಕೆಂದರೆ ಅದು ಕಬ್ಬಿಣದಂತೆ ಗಟ್ಟಿ, ನೀರಿನಲ್ಲಿ ಬಹುಕಾಲ ಬಾಳುತ್ತದೆ. ಮೈಗೆ ಹೆಬ್ಬಲಸು, ಯಾಕೆಂದರೆ ಅದು ಹಗುರ, ಬಾಗುತ್ತದೆ, ಉಪ್ಪುನೀರಿಗೂ ಹುಳಕ್ಕೂ ಸುಲಭಕ್ಕೆ ಸೋಲುವುದಿಲ್ಲ.

ಮಿಲ್ಲಿನಿಂದ ಬಂದ ಹಲಗೆಗೆ ಮೊದಲು ವಿಶ್ರಾಂತಿ. ಮಾಡಿನ ಅಡಿಯಲ್ಲಿ, ನೆಲದಿಂದ ಎತ್ತರಿಸಿ, ಒಂದರ ಮೇಲೊಂದು ಪೇರಿಸುತ್ತಾರೆ. ಪ್ರತಿ ಎರಡು ಹಲಗೆಯ ನಡುವೆ ಅಡ್ಡಕ್ಕೆ ರೀಪಿನ ತುಂಡುಗಳು. ಆ ತುಂಡುಗಳೂ ಒಂದೇ ದಪ್ಪದವು, ಒಂದರ ನೇರಕ್ಕೆ ಒಂದು ಇಟ್ಟವು. ಇಲ್ಲದಿದ್ದರೆ ಮೇಲಿನ ಭಾರಕ್ಕೆ ಹಲಗೆ ಅಲೆಅಲೆಯಾಗಿ ಒಣಗುತ್ತದೆ. ತುದಿಗಳು ಬೇಗ ಒಣಗಿ ಸೀಳದಿರಲಿ ಎಂದು ಹಿಂದೆ ಸೆಗಣಿ ಬಳಿಯುತ್ತಿದ್ದರು, ಈಗ ಡಬ್ಬದ ತಳದಲ್ಲಿ ಉಳಿದ ಬಣ್ಣ ಬಳಿಯುತ್ತಾರೆ. ಮರದೊಳಗಿನ ತೇವ ಸುಮಾರು 30 ಶೇಕಡಕ್ಕೆ ಇಳಿಯುವ ತನಕ ಹಲಗೆಯ ಅಳತೆ ಬದಲಾಗುವುದಿಲ್ಲ. ಅಲ್ಲಿಂದ ಕೆಳಗೆ ಹೋದಂತೆ ಕುಗ್ಗುತ್ತದೆ. ಕುಗ್ಗುವುದೂ ಎಲ್ಲ ಕಡೆ ಸಮನಾಗಿ ಅಲ್ಲ. ಕಾಂಡದ ವರ್ಷದ ಬಳೆಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡರಷ್ಟು. ಹೀಗಾಗಿ ಮಿಲ್ಲಿನಲ್ಲಿ ಸಪಾಟಾಗಿದ್ದ ಹಲಗೆ ಒಣಗುವಾಗ ಅಡ್ಡಕ್ಕೆ ಗುಳಿ ಬೀಳುತ್ತದೆ, ಒಂದು ಮೂಲೆ ಎದ್ದು ತಿರುಚಿಕೊಳ್ಳುತ್ತದೆ. ಹಸಿ ಇರುವಾಗಲೇ ಕೀಸಿ ದಪ್ಪ ಸರಿ ಮಾಡಿದರೆ ಆ ದುಡಿಮೆಯೆಲ್ಲ ನೀರಿಗೆ ಹೋದ ಹಾಗೆ. ಮಿಲ್ಲಿನವರು ಇಟ್ಟುಕೊಟ್ಟ ಎರಡು ನೂಲು ಇರುವುದು ಈ ಕುಗ್ಗು, ಈ ತಿರುಚುಗಳಿಗಾಗಿ.

ಒಣಗಿದ ಹಲಗೆಯನ್ನು ಎರಡು ಮರದ ಕುದುರೆಗಳ ಮೇಲೆ ಮಲಗಿಸಿದರು. ಆಚಾರಿ ಕೀಸುಳಿ ಎತ್ತಲಿಲ್ಲ. ಅಂಗೈ ಅಗಲದ ಎರಡು ನೆಟ್ಟನೆಯ ಪಟ್ಟಿಗಳನ್ನು ಹಲಗೆಯ ಎರಡು ತುದಿಗೆ ಅಡ್ಡಕ್ಕೆ ಇಟ್ಟರು. ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಹತ್ತಿರದ ಪಟ್ಟಿಯ ಮೇಲಂಚಿನಿಂದ ದೂರದ ಪಟ್ಟಿಯ ಮೇಲಂಚನ್ನು ನೋಡಿದರು. ಎರಡು ಅಂಚೂ ಒಂದೇ ಗೆರೆಯಾಗಿ ಕಂಡರೆ ಹಲಗೆ ತಿರುಚಿಲ್ಲ ಎಂದರ್ಥ. ದೂರದ ಪಟ್ಟಿಯ ಎಡಮೂಲೆ ಮೇಲೆ ಕಂಡಿತು. ಪೆನ್ಸಿಲಿನಿಂದ ಆ ಮೂಲೆಗೆ ಒಂದು ಅಡ್ಡಗೀಟು, ಅದರ ಎದುರುಮೂಲೆಗೆ ಇನ್ನೊಂದು.

"ಬಾಚಿಯಲ್ಲಿ ತೆಗೀಬಹುದಲ್ಲ ಆಚಾರ್ರೇ, ಬೇಗ ಆಗ್ತದೆ" ಎಂದ ಕಲಿಯಲು ಬಂದ ಹುಡುಗ.

"ಬಾಚಿ ಬೇಗ ತೆಗೀತದೆ ಮಾರಾಯ. ತೆಗೆದದ್ದನ್ನು ವಾಪಸು ಹಚ್ಚಲಿಕ್ಕೆ ಬರ್ತದಾ?"

ಮೊದಲು ಓರೆಯಾಗಿ ಕೀಸುವುದು, ನಾರಿಗೆ ಅಡ್ಡಡ್ಡವಾಗಿ, ಎತ್ತರದ ಮೂಲೆಗಳು ಇಳಿಯುವ ತನಕ. ಆಮೇಲೆ ಉದ್ದಕ್ಕೆ. ಈಗ ಬರುವ ಸಿಪ್ಪೆ ನೀರುದೋಸೆಯಷ್ಟು ತೆಳು, ಬೆಳಕಿಗೆ ಹಿಡಿದರೆ ಆಚೆಗಿನ ಕೈ ಕಾಣುತ್ತದೆ. ಒಂದೆಡೆ ಕೀಸುಳಿಯ ಸದ್ದು ಒಮ್ಮೆಗೇ ಒರಟಾಯಿತು. ಸಿಪ್ಪೆ ತುಂಡಾಗಿ ಪುಡಿಪುಡಿಯಾಗಿ ಬಂತು. ನಾರು ಅಲ್ಲಿ ದಿಕ್ಕು ಬದಲಿಸಿದೆ. ಆಚಾರಿ ಏನೂ ಹೇಳದೆ ಹಲಗೆಯ ಇನ್ನೊಂದು ತುದಿಗೆ ನಡೆದು ಅತ್ತ ಕಡೆಯಿಂದ ಎಳೆದರು. ಸದ್ದು ಮತ್ತೆ ಸರಾಗವಾಯಿತು. ಗಂಟಿನ ಸುತ್ತ ಹೀಗೆ ನಾಲ್ಕಾರು ಸಲ ದಿಕ್ಕು ಬದಲಿಸಬೇಕಾಗುತ್ತದೆ. ಕೆಲಸದ ಅರ್ಧ ಅರಿವು ಕಿವಿಯಲ್ಲಿದೆ.

ಒಂದು ಮುಖ ಸಪಾಟಾದ ಮೇಲೆ ಅದೇ ಆಧಾರ. ಮರದ ತುಂಡಿಗೆ ಮೊಳೆ ಹೊಡೆದು ತಾವೇ ಮಾಡಿಕೊಂಡ ಗೆರೆಕೋಲನ್ನು ಆ ಮುಖಕ್ಕೆ ಒತ್ತಿ ಹಿಡಿದು ಹಲಗೆಯ ನಾಲ್ಕೂ ಅಂಚಿನ ಮೇಲೆ ಎಳೆದರು. ಮೊಳೆಯ ಮೊನೆ ಮುಖದಿಂದ ಸರಿಯಾಗಿ ಒಂದಿಂಚು ದೂರದಲ್ಲಿ ಸಣ್ಣ ಗೀರು ಬಿಡುತ್ತ ಹೋಯಿತು. ಪೆನ್ಸಿಲಿನ ಗೆರೆಗೆ ತನ್ನದೇ ದಪ್ಪ ಇರುತ್ತದೆ, ಮೊಳೆಯ ಗೀರಿಗೆ ಅದು ಬಹಳ ಕಡಿಮೆ. ಇನ್ನು ಹಲಗೆ ಮಗುಚಿ ಆ ಗೀರಿನ ತನಕ ಇಳಿಸಬೇಕು. ಗೀರು ಅರ್ಧ ಮಾಯವಾದಾಗ ನಿಲ್ಲಿಸಬೇಕು. ಆ 'ಅರ್ಧ' ತಿಳಿಯಲು ಹುಡುಗನಿಗೆ ವರ್ಷಗಳು ಬೇಕು.

ಮಧ್ಯದ ದಪ್ಪ ಹೇಗೆ ತಿಳಿಯುವುದು? ಅಂಚಿನಲ್ಲಿ ಗೀರಿದೆ, ನಡುವಿನಲ್ಲಿ ಇಲ್ಲ. ಆಚಾರಿ ಕೀಸುಳಿಯನ್ನೇ ಓರೆಯಾಗಿಸಿ ಅದರ ಅಂಚನ್ನು ಹಲಗೆಯ ಅಡ್ಡಕ್ಕೆ ಇಟ್ಟು ಅಡಿಯಿಂದ ಬೆಳಕು ನುಸುಳುವುದೇ ಎಂದು ನೋಡಿದರು. ಆಮೇಲೆ ಬೆರಳ ಗೆಣ್ಣಿನಿಂದ ಉದ್ದಕ್ಕೂ ಬಡಿಯುತ್ತ ಹೋದರು. ನಡುವಿನಲ್ಲಿ ಒಂದು ಕಡೆ ನಿಂತು ಮತ್ತೆ ಬಡಿದರು. ನನಗೆ ಏನೂ ವ್ಯತ್ಯಾಸ ಕೇಳಲಿಲ್ಲ. ಅವರು ಅಲ್ಲಿ ಎರಡು ಸಲ ಕೀಸುಳಿ ಎಳೆದರು.

ಇಷ್ಟೊಂದು ಹಟ ಯಾಕೆ ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಸ್ಪಷ್ಟ ಉತ್ತರವಿದೆ. ಹಲಗೆಯನ್ನು ಬಾಗಿಸುವಾಗ ಅದು ತೋರುವ ಬಿಗುವು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಒಂದಿಂಚಿನ ಹಲಗೆ ಎಂದರೆ ಎಂಟು ನೂಲು. ಒಂದು ಕಡೆ ಏಳೇ ನೂಲು ಉಳಿದಿದ್ದರೆ ಅಲ್ಲಿಯ ಬಿಗುವು ಎಂಟರಲ್ಲಿ ಒಂದು ಪಾಲು ಕಡಿಮೆಯಾಗುವುದಲ್ಲ. ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಜಾಗ, ಬಾಗಿಸಿದ ಕೂಡಲೇ ತನ್ನನ್ನು ತೋರಿಸಿಕೊಳ್ಳುತ್ತದೆ. ಹಲಗೆ ಉದ್ದಕ್ಕೂ ನಯವಾಗಿ ಬಳುಕುವ ಬದಲು ಅಲ್ಲಿ ಮುರಿದಂತೆ ತಿರುಗುತ್ತದೆ, ಅದರ ಎರಡೂ ಬದಿಗಳು ನೆಟ್ಟಗೆ ನಿಲ್ಲುತ್ತವೆ. ದೋಣಿಯ ಒಂದು ಮಗ್ಗುಲಲ್ಲಿ ಹಾಗಾಗಿ ಇನ್ನೊಂದರಲ್ಲಿ ಆಗದಿದ್ದರೆ ಹುಟ್ಟು ಹಾಕಿದಷ್ಟೂ ದೋಣಿ ಒಂದೇ ಕಡೆಗೆ ಎಳೆಯುತ್ತದೆ. ಜೀವನವಿಡೀ ಅದನ್ನು ನಡೆಸುವವನು ಒಂದು ಕೈಗೆ ಹೆಚ್ಚು ದುಡಿಮೆ ಕೊಡಬೇಕು. ಈ ಘನದ ಲೆಕ್ಕವನ್ನು ಕಾಗದದ ಮೇಲೆ ಬರೆಯದೆ, ಬರಿಯ ಗೆಣ್ಣಿನ ಬಡಿತದಲ್ಲಿ ಹಿಡಿದವರ ಬಗ್ಗೆ ನನಗೆ ಇರುವ ಗೌರವವನ್ನು ಅಡಗಿಸಿ ಬರೆಯಲಾರೆ.

ಹಲಗೆ ಹೊಲಿದು ದೋಣಿ ಕಟ್ಟುತ್ತಿದ್ದ ಕಾಲದಲ್ಲಂತೂ ದಪ್ಪದ ಸಮತೆಗೆ ಇನ್ನೂ ಒಂದು ಕಾರಣವಿತ್ತು. ರಂಪಣಿ ಎಂಬ ದೊಡ್ಡ ಬಲೆ ಬಿಡುತ್ತಿದ್ದ ನಮ್ಮ ಕರಾವಳಿಯ ರಂಪಣಿ ದೋಣಿಗಳು ಮೊಳೆಯಿಲ್ಲದವು. ಅಂಚಿನ ಗುಂಟ ತೂತು ಕೊರೆದು, ಸಂದಿಯ ಮೇಲೆ ತೆಂಗಿನ ನಾರಿನ ಸುರುಳಿ ಇಟ್ಟು, ಹುರಿಹಗ್ಗದಿಂದ ಬಿಗಿದು ಹೊಲಿಯುತ್ತಿದ್ದರು. ಒಂದು ಹಲಗೆ ಪಕ್ಕದ್ದಕ್ಕಿಂತ ಒಂದು ನೂಲು ಎತ್ತರ ನಿಂತರೆ ಹಗ್ಗದ ಬಿಗಿಯೆಲ್ಲ ಆ ಅಂಚಿಗೇ ಬೀಳುತ್ತದೆ. ತಗ್ಗಿನ ಕಡೆ ನಾರು ಸಡಿಲವಾಗಿ ನೀರು ದಾರಿ ಕಂಡುಕೊಳ್ಳುತ್ತದೆ. 1342ರ ಸುಮಾರಿಗೆ ಮಂಗಳೂರಿಗೆ ಬಂದು ಇದನ್ನು ಮಂಜರೂರ್ ಎಂದು ಬರೆದ ಇಬ್ನ್ ಬತೂತ, ಭಾರತದ ಮತ್ತು ಯೆಮೆನ್ನಿನ ಹಡಗುಗಳನ್ನು ತೆಂಗಿನ ಹುರಿಯಿಂದ ಹೊಲಿಯುವುದನ್ನು ಗಮನಿಸಿದ್ದ. ಬಂಡೆಗೆ ತಾಗಿದರೆ ಮೊಳೆ ಹೊಡೆದ ಹಡಗು ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ ಎಂಬುದು ಅವನು ಕೊಟ್ಟ ಕಾರಣ. ನಾಲ್ಕೂವರೆ ಶತಮಾನದ ಬಳಿಕ, 1790ರ ದಶಕದಲ್ಲಿ ಟಿಪ್ಪು ಯುದ್ಧದ ಹಡಗುಗಳನ್ನು ಕಟ್ಟಲು ಆಜ್ಞೆ ಹೊರಡಿಸಿದಾಗಲೂ ಮಂಗಳೂರು ಅದರ ಒಂದು ಕೇಂದ್ರವಾಗಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದು ರಂಪಣಿ ಬಲೆ ಮೂಲೆ ಸೇರಿತು, ಬಲೆಯ ಜೊತೆಗೆ ಆ ಹೊಲಿಗೆಯ ದೋಣಿಯೂ.

ವಿದ್ಯೆ ಪೂರ್ತಿ ಅಳಿದಿಲ್ಲ ಎಂಬುದು ಸಮಾಧಾನ. 1980-81ರಲ್ಲಿ ಸಾಹಸಯಾತ್ರಿ ಟಿಮ್ ಸೆವೆರಿನ್ ಒಮಾನಿನಿಂದ ಚೀನಾಕ್ಕೆ ಒಯ್ದ 'ಸೊಹಾರ್' ಹಡಗಿಗೆ ನಮ್ಮ ಪಶ್ಚಿಮ ಕರಾವಳಿಯಿಂದಲೇ ಹೆಬ್ಬಲಸು ಹೋಗಿತ್ತು, ಹೊಲಿಯಲು ಲಕ್ಷದ್ವೀಪದ ಕುಶಲಕರ್ಮಿಗಳು ಹೋಗಿದ್ದರು. ಅಜಂತಾದ ಚಿತ್ರವೊಂದನ್ನು ಆಧರಿಸಿ ಗೋವಾದಲ್ಲಿ ಹೊಲಿದು ಕಟ್ಟಿದ 'ಕೌಂಡಿನ್ಯ' ಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದರ ಕಟ್ಟೋಣದ ಮುಂದಾಳು ಕೇರಳದ ಬಾಬು ಶಂಕರನ್. ಪತ್ರಿಕೆಗಳಲ್ಲಿ ಹೊಲಿಗೆಯ ಬಗ್ಗೆ ಬಹಳ ಬಂತು. ಹೊಲಿಗೆಗೆ ಮುಂಚೆ ಆ ಹಲಗೆಗಳನ್ನು ಸಮ ಮಾಡಿದ ಕೈಗಳ ಬಗ್ಗೆಯೂ ಒಂದು ಪುಟ ಬರಬೇಕಿತ್ತು.

ಬೊಕ್ಕಪಟ್ಣದ ಕಡೆಗೆ ಮರಳುತ್ತೇನೆ. ಆಚಾರಿ ಎಲ್ಲ ಹಲಗೆಯನ್ನೂ ಕೈಯಲ್ಲೇ ಕೀಸುವುದಿಲ್ಲ. ಹಾಗೆ ಮಾಡಿದರೆ ಕೂಲಿಯೇ ದೋಣಿಯ ಬೆಲೆಯನ್ನು ಮೀರುತ್ತದೆ. ಒಂದು ಮುಖ ಕೈಯಲ್ಲಿ ಸಪಾಟು ಮಾಡಿ, ಎರಡನೆಯ ಮುಖಕ್ಕೆ ಹತ್ತಿರದ ಪ್ಲೇನಿಂಗ್ ಮಿಷಿನ್ನಿಗೆ ಕಳುಹಿಸುತ್ತಾರೆ. ಈ ಅನುಕ್ರಮ ತಪ್ಪಬಾರದು. ತಿರುಚಿದ ಹಲಗೆಯನ್ನು ನೇರ ಮಿಷಿನ್ನಿಗೆ ಕೊಟ್ಟರೆ ಅದರ ಉರುಳೆಗಳು ಒತ್ತಿ ಹಿಡಿದು ಹಲಗೆಯನ್ನು ಆ ಗಳಿಗೆಗೆ ಸಪಾಟು ಮಾಡುತ್ತವೆ. ಅಲಗು ಸಮನಾಗಿ ಕೊಯ್ಯುತ್ತದೆ. ಹೊರಗೆ ಬಂದು ಒತ್ತಡ ಬಿಟ್ಟ ಕೂಡಲೇ ಹಲಗೆ ತನ್ನ ಹಳೆಯ ತಿರುಚಿಗೇ ಹೋಗುತ್ತದೆ. ದಪ್ಪ ಒಂದೇ, ಮೈ ಮಾತ್ರ ಸೊಟ್ಟ. ಇನ್ನೊಂದು ತೊಂದರೆ ತುದಿಗಳದ್ದು. ಹಲಗೆಯ ತಲೆ ಒಂದೇ ಉರುಳೆಯ ಹಿಡಿತದಲ್ಲಿರುವಾಗ, ಬಾಲ ಕೊನೆಯ ಉರುಳೆಯಲ್ಲಿ ಉಳಿದಾಗ, ಮರ ಒಂದು ಚೂರು ಎದ್ದು ಅಲಗಿಗೆ ಹೆಚ್ಚು ಸಿಗುತ್ತದೆ. ಎರಡು ತುದಿಯಲ್ಲೂ ಗೇಣುದ್ದದ ಗುಳಿ. ದೋಣಿಯಲ್ಲಿ ಅತಿ ಹೆಚ್ಚು ಬಾಗಬೇಕಾದದ್ದು, ಮೊಳೆ ಹಿಡಿಯಬೇಕಾದದ್ದು ಅವೇ ತುದಿಗಳು. ಅನುಭವಿಗಳು ಹಲಗೆಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ತಾಗಿಸಿ ಸಾಲಾಗಿ ಕೊಡುತ್ತಾರೆ. ಹೊರಬರುವ ತುದಿಯನ್ನು ಒಬ್ಬರು ತುಸು ಎತ್ತಿ ಹಿಡಿಯುತ್ತಾರೆ. ಮೊದಲೇ ಹಲಗೆಯನ್ನು ಉದ್ದವಾಗಿ ಇಟ್ಟುಕೊಂಡು ಗುಳಿಬಿದ್ದ ತುಂಡನ್ನು ಕತ್ತರಿಸಿ ಎಸೆಯುವುದೂ ಉಂಟು. ಒಂದೇ ಸಲಕ್ಕೆ ಎರಡು ನೂಲು ತೆಗೆಯಲು ಆತುರಪಡುವವನ ಹಲಗೆಯಲ್ಲಿ ಅಲಗಿನ ಅಡ್ಡ ಅಲೆಗಳು ಉಳಿಯುತ್ತವೆ. ಸ್ವಲ್ಪ ಸ್ವಲ್ಪವೇ, ಮೂರು ನಾಲ್ಕು ಸಲ ಕೊಡಬೇಕು. ಒಂದು ದೋಣಿಯ ಹಲಗೆಯೆಲ್ಲವೂ ಮಿಷಿನ್ನಿನ ಅಳತೆ ಬದಲಿಸದೆ, ಒಂದೇ ಸರದಿಯಲ್ಲಿ ಕೊನೆಯ ಸಲ ಹೋಗಿ ಬರಬೇಕು. ನಾಳೆ ಮತ್ತೆ ಅದೇ ಅಂಕಿಗೆ ತಿರುಗಿಸಿದರೆ ಅದೇ ದಪ್ಪ ಬಂದೀತೆಂಬ ಭರವಸೆ ಇಲ್ಲ.

ದಪ್ಪದ ಈ ಶಿಸ್ತು ಅತಿ ಕಟ್ಟುನಿಟ್ಟಾಗಿರುವುದು ಹಲಗೆಯ ದೋಣಿಯಲ್ಲೂ ಅಲ್ಲ, ಪಟ್ಟಿಯ ದೋಣಿಯಲ್ಲಿ. ಕೆನಡಾದ ಪೀಟರ್‌ಬರೊ ಊರು 19ನೆಯ ಶತಮಾನದಲ್ಲೇ ಸಣ್ಣ ದೋಣಿಗಳಿಗೆ ಹೆಸರಾಯಿತು; ಅಲ್ಲಿ ಬೆಳೆದ ಒಂದು ಕ್ರಮದಲ್ಲಿ ದೋಣಿಯ ಮೈಯೆಲ್ಲ ಸೀಡರ್ ಮರದ ಕಿರಿದಾದ ಪಟ್ಟಿಗಳು. ಇಂದು ಹವ್ಯಾಸಿಗಳು ಕಟ್ಟುವ ಅಂಥ ದೋಣಿಯ ಪಟ್ಟಿ ಸಾಮಾನ್ಯವಾಗಿ ಮುಕ್ಕಾಲು ಇಂಚು ಅಗಲ, ಕಾಲು ಇಂಚು, ಅಂದರೆ ಸುಮಾರು 6 ಮಿಲಿಮೀಟರ್ ದಪ್ಪ. ಅಚ್ಚಿನ ಮೇಲೆ ಒಂದರ ಪಕ್ಕ ಒಂದು ಬಾಗಿಸಿ ಅಂಟಿಸಿ, ಉಜ್ಜಿ ನಯಗೊಳಿಸಿ, ಒಳಗೂ ಹೊರಗೂ ಫೈಬರ್ ಬಟ್ಟೆ ಹೊದಿಸಿ ರಾಳ ಕುಡಿಸುತ್ತಾರೆ. ಇಲ್ಲಿ ಅರ್ಧ ಮಿಲಿಮೀಟರ್ ತೆಳುವಾದರೆ ಪಟ್ಟಿಯ ಬಿಗುವಿನ ಸುಮಾರು ಕಾಲು ಭಾಗ ಹೋಯಿತು. ಒಂದು ಪಟ್ಟಿ ಒಂದು ಮಿಲಿಮೀಟರ್ ತೆಳುವಾಗಿ ತಗ್ಗಿ ಕೂತರೆ ಅದರ ಮಟ್ಟಕ್ಕೆ ಅಕ್ಕಪಕ್ಕದವನ್ನೆಲ್ಲ ಉಜ್ಜಿ ಇಳಿಸಬೇಕು. ಒಂದು ಪಟ್ಟಿಯ ತಪ್ಪಿಗೆ ಇಡೀ ಮೈ ತೆಳುವಾಗುತ್ತದೆ.

ಈ ಪಟ್ಟಿಯ ದೋಣಿ ಮಂಗಳೂರಿಗೆ ಒಗ್ಗಬಹುದೆಂದು ನನಗೆ ಬಲವಾಗಿ ಅನಿಸುತ್ತದೆ. ಹಲಗೆಗೆ ಉದ್ದನೆಯ, ಅಗಲದ ಒಳ್ಳೆಯ ಮರ ಬೇಕು. ಪಟ್ಟಿಗೆ ಸಣ್ಣ ಮರವೂ ಸಾಕು, ತುಂಡುಗಳನ್ನು ಓರೆಗೆ ಕೊಯ್ದು ಅಂಟಿಸಿ ಉದ್ದ ಮಾಡಬಹುದು. ಕೊಚ್ಚಿಯಲ್ಲಿ 1957ರಲ್ಲಿ ಹುಟ್ಟಿದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರಬ್ಬರ್ ಮರವನ್ನು ರಾಸಾಯನಿಕದಲ್ಲಿ ಸಂಸ್ಕರಿಸಿ, ಫೈಬರ್ ಹೊದಿಸಿ ಮೀನುಗಾರರಿಗೆ ದೋಣಿ ಕಟ್ಟಿ ತೋರಿಸಿದೆ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ತೋಟಗಳಲ್ಲಿ ಹಾಲು ನಿಂತ ರಬ್ಬರ್ ಮರ ಬೇಕಾದಷ್ಟು ಬೀಳುತ್ತದೆ. ರೀಪು ಕೊಯ್ಯುವ ಮಿಲ್ಲುಗಳು ಇಲ್ಲೇ ಇವೆ, ಹಂಚಿನ ಮಾಡು ಕಡಿಮೆಯಾಗಿ ಅವುಗಳಿಗೆ ಕೆಲಸವೂ ಕಡಿಮೆ. ಯಂತ್ರದೋಣಿಗಳಿಗೆ ಫೈಬರ್ ಹೊದಿಸಿ ಕೈ ಪಳಗಿದವರು ದಕ್ಕೆಯ ಸುತ್ತ ಇದ್ದಾರೆ. 1969ರಿಂದ ಮೀನುಗಾರಿಕಾ ಕಾಲೇಜು ಈ ಊರಲ್ಲೇ ಇದೆ. ಶಾಂಭವಿ ಹೊಳೆಯ ಹಿನ್ನೀರಿನಲ್ಲಿ ಪ್ರವಾಸಿಗರು ಹುಟ್ಟು ಹಾಕುವ ಪ್ಲಾಸ್ಟಿಕ್ ದೋಣಿಗಳು ದೂರದಿಂದ ಬರುತ್ತವೆ. ಅವುಗಳ ಜಾಗಕ್ಕೆ ಇಲ್ಲಿಯ ಮರದ್ದು ಬಂದರೆ ಒಬ್ಬಿಬ್ಬರು ಹುಡುಗರು ಕೀಸುಳಿ ಹಿಡಿಯಲು ಕಾರಣ ಸಿಗುತ್ತದೆ. ಬರಿಯ ಗೌರವದಿಂದ ಯಾರೂ ಕಸುಬು ಕಲಿಯುವುದಿಲ್ಲ, ಕೂಲಿ ಬೇಕು.

ಮಧ್ಯಾಹ್ನದ ಊಟ ಮುಗಿಸಿ ಬಂದು ಅಡಿಮರದ ಪಕ್ಕದ ಮೊದಲ ಹಲಗೆಯನ್ನು ಏರಿಸಿದರು. ಅದಕ್ಕೆ ಮೊದಲು ಗೋಣಿ ನೆನೆಸಿ ಹೊದಿಸಿ, ಒಣ ಮಡಲಿನ ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡಿಕೊಂಡಿದ್ದರು. ಬಿಸಿ ಇಳಿಯುವ ಮೊದಲೇ ಕೆಲಸ ಆಗಬೇಕು. ನಡುವಿನಲ್ಲಿ ಒಬ್ಬ, ಮೂತಿಯ ಕಡೆ ಇಬ್ಬರು. ಕ್ಲಾಂಪು ಒಂದೊಂದೇ ಸುತ್ತು ಬಿಗಿಯಿತು. ಹಲಗೆ ಬಳುಕುತ್ತ ಅಡ್ಡಮರಗಳ ಮೇಲೆ ಒಂದೊಂದಾಗಿ ಕೂರುತ್ತ ಬಂತು. ಆಚಾರಿ ದೋಣಿಯ ಹಿಂದೆ ಹೋಗಿ ಕೂತು ಮತ್ತೆ ಒಂದು ಕಣ್ಣು ಮುಚ್ಚಿದರು. ಮೂತಿಯಿಂದ ಎರಡನೆಯ ಅಡ್ಡಮರದ ಹತ್ತಿರ ಹಲಗೆ ಒಂದು ಕೂದಲಿನಷ್ಟು ನೆಟ್ಟಗಿತ್ತು. ಅಲ್ಲಿ ದಪ್ಪ ಉಳಿದಿದೆ, ಬಾಗಲು ಒಪ್ಪುತ್ತಿಲ್ಲ.

"ಹೀಗೇ ಮೊಳೆ ಹೊಡೆದರೆ ಕೂತ್ಕೊಳ್ತದೆ ಆಚಾರ್ರೇ" ಎಂದ ಹುಡುಗ. ಅವನ ಮುಖದಲ್ಲಿ ಬೆವರು ಇಳಿಯುತ್ತಿತ್ತು.

"ಇವತ್ತು ಕೂತ್ಕೊಳ್ತದೆ. ಬಿಗಿ ಒಳಗೆ ಇರ್ತದಲ್ಲ, ಮುಂದಿನ ಮಳೆಗಾಲಕ್ಕೆ ಮೊಳೆಯನ್ನೇ ಎಳೀತದೆ. ಇಳಿಸು."

ಕ್ಲಾಂಪು ಸಡಿಲಿಸಿದರು, ಹಲಗೆ ಕುದುರೆಗಳ ಮೇಲೆ ಬಂತು. ಪೆನ್ಸಿಲಿನಲ್ಲಿ ಅಂಗೈ ಅಗಲದ ಒಂದು ಸುತ್ತು ಗುರುತು. ಈ ಸಲ ಆಚಾರಿ ಕೀಸುಳಿಯನ್ನು ತಾವು ಹಿಡಿಯಲಿಲ್ಲ, ಹುಡುಗನ ಕೈಗೆ ಕೊಟ್ಟರು. "ಮೂರೇ ಸಲ ಎಳಿ. ನಾಲ್ಕನೇದು ಬೇಡ" ಎಂದು ಹೇಳಿ, ಮಡಲಿನ ಬೆಂಕಿಗೆ ಇನ್ನೆರಡು ಕಟ್ಟು ಹಾಕಲು ಹೋದರು.